ಅಪ್ಪ ಏನು ಮಾಡ್ತಾರೆ ಅಂತ ಆಫೀಸಿನಲ್ಲಿ ಕೇಳಿದಾಗ

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ತಿಳಿಯಲಿ ಅಂತ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ತಿಪಟೂರು ಕಡೆಯವರು. ನಾಗವಾರದ ಕಡೆಯ ಟೆಕ್ ಪಾರ್ಕಿನಲ್ಲಿ ಟೆಸ್ಟಿಂಗ್ ಕೆಲಸ. ಟೀಮಿನವರು ನಿಮ್ಮ ಹೆಸರನ್ನು ಎರಡಕ್ಷರಕ್ಕೆ ಇಳಿಸಿದ್ದಾರೆ, ನೀವೂ ಸುಮ್ನೆ ಒಪ್ಪಿಕೊಂಡಿದ್ದೀರಿ. ಆಫೀಸಿನಲ್ಲಿ ಇಂಗ್ಲಿಷ್, ಅದೂ ಪಕ್ಕದ ಸೀಟಿನವರ ಧಾಟಿಯಲ್ಲಿ. ಅಪ್ಪ ಏನು ಮಾಡ್ತಾರೆ ಅಂತ ಊಟದ ಹೊತ್ತಿನಲ್ಲಿ ಯಾರೋ ಕೇಳಿದಾಗ ‘ಕೊಬ್ಬರಿ ಬಿಸಿನೆಸ್’ ಅಂದುಬಿಟ್ಟಿರಿ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವರು ಬೆಂಗಳೂರಿಗೆ ಬಂದು ನಿನ್ನ ಆಫೀಸು ನೋಡಬೇಕಮ್ಮ ಅಂದಾಗ, ಮೀಟಿಂಗ್ ಇದೆ ಅಂತ ಹೇಳಿ ಮೆಜೆಸ್ಟಿಕ್ಕಿನಲ್ಲೇ ಮಾತಾಡಿಸಿ ಬಸ್ಸು ಹತ್ತಿಸಿದಿರಿ. “ನಾನು ದಿನಾ ಸುಳ್ಳು ಬದುಕು ಬದುಕುತ್ತಿದ್ದೇನಾ? ಇದರಲ್ಲಿ ನಿಜವಾದ ನಾನು ಯಾವುದು?” ಅಂತ ಕೇಳಿದ್ದೀರಿ.

ಇಂಗ್ಲಿಷಿನ ಧಾಟಿ, ಮೊಟಕಾದ ಹೆಸರು, ಅಪ್ಪನ ಕೆಲಸ, ಮೂರನ್ನೂ ಒಂದೇ ಗಂಟು ಕಟ್ಟಿ ‘ಸುಳ್ಳು’ ಅಂತ ಚೀಟಿ ಅಂಟಿಸಿದ್ದೀರಿ. ಅದನ್ನು ಬಿಚ್ಚಿ ಬೇರೆ ಬೇರೆ ಮಾಡೋಣ.

ಕೆಲಸದ ಜಾಗದಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ ಇರುವುದು ಮೋಸ ಅಲ್ಲವೇ ಅಲ್ಲ. ಅರ್ವಿಂಗ್ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞ 1949ರಿಂದ 1951ರ ನಡುವೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪದಲ್ಲಿದ್ದು ಅಲ್ಲಿಯ ಜನರ ನಡವಳಿಕೆ ಗಮನಿಸಿದರು. ಅಲ್ಲೊಂದು ಹೋಟೆಲು. ಹೊರಗೆ ಅತಿಥಿಗಳ ಎದುರು ಪೇಟೆಯವರ ನಯ, ನಾಜೂಕು. ಒಳಗೆ ಅಡುಗೆಮನೆಗೆ ಬಂದರೆ ಆ ದ್ವೀಪದ ರೈತಾಪಿ ಜನರ ರೀತಿ, ಅವರದೇ ಸಲಿಗೆ. ಹೊರಗಿನವನು ಸುಳ್ಳು, ಅಡುಗೆಮನೆಯವನು ನಿಜ ಅಂತ ಗಾಫ್‌ಮನ್ ತೀರ್ಪು ಕೊಡಲಿಲ್ಲ. ನಾಲ್ಕು ಜನರ ಎದುರು ನಿಂತವರೆಲ್ಲ ಹೇಗೋ ಒಂದು ರೀತಿ ತಮ್ಮನ್ನು ತೋರಿಸಿಕೊಳ್ಳುತ್ತಾರೆ, ಹಾಗಾಗಿ ಎಲ್ಲರಿಗೂ ಒಂದು ಹಿಂದಿನ ಕೋಣೆ ಬೇಕು ಅನ್ನುವುದು ಅವರು ಕಂಡದ್ದು.

ನಿಮ್ಮ ಕಟ್ಟಡದಲ್ಲೂ ಅಂಥ ಕೋಣೆ ಇದೆ. ಫೈರ್ ಎಕ್ಸಿಟ್ ಮೆಟ್ಟಿಲು. ಯಾವ ಟೆಕ್ ಪಾರ್ಕಿಗೆ ಬೇಕಾದರೂ ಹೋಗಿ, ಸಂಜೆ ಹೊತ್ತು ಆ ಬಾಗಿಲು ತಳ್ಳಿ ನೋಡಿ. ಒಂದು ಮೆಟ್ಟಿಲ ಮೇಲೆ ಒಬ್ಬ ತೆಲುಗಿನಲ್ಲಿ ಅಮ್ಮನಿಗೆ ಮಾತ್ರೆ ತಗೊಂಡ್ಯಾ ಅಂತ ಕೇಳುತ್ತಿರುತ್ತಾನೆ, ಕೆಳಗೊಬ್ಬಳು ಬಂಗಾಳಿಯಲ್ಲಿ ಜಗಳ ಆಡುತ್ತಿರುತ್ತಾಳೆ, ಇನ್ನೊಬ್ಬ ನಮ್ಮ ಹಾಸನದ ಹುಡುಗ ಟ್ಯಾಗ್ ಶರ್ಟಿನ ಜೇಬಿಗೆ ತುರುಕಿಕೊಂಡು ಬೋರ್‌ವೆಲ್ ಮೋಟರಿನ ವಿಷಯ ಮಾತಾಡುತ್ತಿರುತ್ತಾನೆ. ಫೋನ್ ಇಟ್ಟ ಮೇಲೆ ಮೂವರೂ ಒಳಗೆ ಹೋಗಿ ಇಂಗ್ಲಿಷಿನಲ್ಲಿ ಕಾಲ್ ಸೇರುತ್ತಾರೆ. ಅವರನ್ನು ಸುಳ್ಳುಗಾರರು ಅನ್ನುತ್ತೀರಾ? ನಿಮ್ಮ ಅಪ್ಪ ಕೂಡ ಮಂಡಿಯಲ್ಲಿ ವರ್ತಕರ ಎದುರು ಮಾತಾಡುವ ಧಾಟಿಯಲ್ಲಿ ಮನೆಯಲ್ಲಿ ಮಾತಾಡುವುದಿಲ್ಲ. ಬೇಕಾದರೆ ಕೇಳಿ ನೋಡಿ.

ಆದ್ದರಿಂದ ಇಂಗ್ಲಿಷಿನ ವಿಷಯ ತಲೆಯಿಂದ ತೆಗೆದುಹಾಕಿ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಹರ್ಮಿನಿಯಾ ಇಬಾರಾ 1999ರಲ್ಲಿ, ದೊಡ್ಡ ಹುದ್ದೆಗೆ ಏರುತ್ತಿದ್ದ ಕಿರಿಯ ಕನ್ಸಲ್ಟೆಂಟ್‌ಗಳ ಮತ್ತು ಬ್ಯಾಂಕರ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಅನೇಕರು ಮೊದಲು ಹಿರಿಯರನ್ನು ನೋಡಿ ನಕಲು ಮಾಡಿದವರೇ. ಒಬ್ಬರಿಂದ ಮಾತು, ಇನ್ನೊಬ್ಬರಿಂದ ಗತ್ತು. ತಮಗೆ ಒಗ್ಗಿದ್ದು ಇಟ್ಟುಕೊಂಡರು, ಒಗ್ಗದ್ದು ಬಿಟ್ಟರು. ನೀವೀಗ ಮಾಡುತ್ತಿರುವುದೂ ಅದೇ.

ಹಾಗಾದರೆ ಇಷ್ಟು ಸುಸ್ತು ಯಾಕೆ ಅಂತ ನೀವು ಕೇಳಬಹುದು. ಯಾಕೆಂದರೆ ಈ ಕೆಲಸ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಅಪ್ಪ ಅಮ್ಮ ಇಬ್ಬರೂ ಕಂಪನಿ ಕೆಲಸದಲ್ಲಿದ್ದು, ಮನೆಯಲ್ಲೇ ಇಂಗ್ಲಿಷ್ ಆಡಿಕೊಂಡು ಬೆಳೆದ ಹುಡುಗಿ ಮನೆಯ ಮಾತು, ಮನೆಯ ಜೋಕು ಎಲ್ಲವನ್ನೂ ಹಾಗೇ ಎತ್ತಿಕೊಂಡು ಆಫೀಸಿಗೆ ಬರುತ್ತಾಳೆ. ನೀವು ಗೇಟಿನಲ್ಲಿ ಅರ್ಧ ಬಿಟ್ಟು ಬರಬೇಕು. ಸಂಬಳ ಇಬ್ಬರಿಗೂ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಬರೆದದ್ದು ಇದನ್ನೇ: ಮುಖದ ಮೇಲೆ ನಗು ಇಟ್ಟುಕೊಳ್ಳುವುದೂ ದುಡಿಮೆಯೇ, ಮತ್ತು ಅದನ್ನೇ ವರ್ಷಗಟ್ಟಲೆ ಮಾಡಿದವರಿಗೆ ತನ್ನ ನಗು ಯಾವುದು, ಕೆಲಸದ ನಗು ಯಾವುದು ಅನ್ನುವುದೇ ಗೊತ್ತಾಗದೆ ಹೋಗಬಹುದು. ನಿಮ್ಮ ಸುಸ್ತು ನಿಜವಾದ ಸುಸ್ತು. ಅದಕ್ಕೆ ನಾಚಿಕೆ ಬೇಡ.

2000ದ ಆಸುಪಾಸಿನಲ್ಲಿ ಈ ಊರಿನಲ್ಲಿ ಕಾಲ್ ಸೆಂಟರುಗಳು ಶುರುವಾದಾಗ ನಮ್ಮ ಹುಡುಗ ಹುಡುಗಿಯರಿಗೆ ರಾತ್ರಿ ಪಾಳಿಗೆ ಬೇರೆ ಹೆಸರು ಕೊಡುತ್ತಿದ್ದರು, ಉಚ್ಚಾರಣೆಗೂ ತರಬೇತಿ. ಅದು ಬೇಜಾರಿನ ವಿಷಯವೇ. ಆದರೆ ಆ ಹೆಸರಿಗೆ ಒಂದು ಅಂಚು ಇತ್ತು. ಬೆಳಿಗ್ಗೆ ಕ್ಯಾಬ್ ಹತ್ತಿದರೆ ಮುಗಿಯಿತು. ಈ ಆಫೀಸಿನ ವೇಷ ಹಾಕಿಕೊಳ್ಳಿ ಅಂತ ನಿಮಗೆ ಯಾರೂ ಆರ್ಡರ್ ಕೊಟ್ಟಿಲ್ಲ, ನೀವೇ ಹಾಕಿಕೊಂಡದ್ದು, ಹಾಗಾಗಿ ಯಾವಾಗ ಕಳಚಬೇಕು ಅನ್ನುವುದೂ ಗೊತ್ತಿಲ್ಲ.

ಇನ್ನು ‘ಕೊಬ್ಬರಿ ಬಿಸಿನೆಸ್’. ನನ್ನ ಪ್ರಕಾರ ನಿಜವಾಗಿ ನೋಯುತ್ತಿರುವ ಜಾಗ ಇದೊಂದೇ.

ಈ ಊರಿನ ಹಳೆಯ ಕಾರ್ಖಾನೆಗಳನ್ನು ನೆನೆಸಿಕೊಳ್ಳಿ. ವಿಮಾನದ ಎಚ್‌ಎಎಲ್ 1940ರದ್ದು, ಟೆಲಿಫೋನಿನ ಐಟಿಐ 1948ರದ್ದು, ಯಂತ್ರ, ವಾಚುಗಳ ಎಚ್‌ಎಂಟಿ 1953ರದ್ದು. ಆ ಕಾರ್ಖಾನೆಗಳ ಕಾಲದಲ್ಲಿ ಕ್ವಾರ್ಟರ್ಸು, ಪಾಳಿಯ ಬಸ್ಸು, ಮಕ್ಕಳ ಶಾಲೆ ಎಲ್ಲಾ ಒಂದೇ ಕಡೆ. ಯಾರ ಅಪ್ಪ ಯಾರು, ಯಾವ ಊರಿನವರು ಅನ್ನುವುದು ಬೀದಿಗೆಲ್ಲ ಗೊತ್ತು. ಮುಚ್ಚಿಡೋಣ ಅಂದರೂ ಆಗುತ್ತಿರಲಿಲ್ಲ. ಮದುವೆ ಕರೆಯೋಲೆಯಲ್ಲಿ ಗಂಡಿನ ಹೆಸರಿನ ಕೆಳಗೆ ಕಾರ್ಖಾನೆಯ ಹೆಸರು ಅಚ್ಚಾಗುತ್ತಿತ್ತು. ಈಗ ನಿಮ್ಮ ಟೀಮಿನಲ್ಲಿ ಯಾರಿಗೂ ಯಾರ ಮನೆಯೂ ಗೊತ್ತಿಲ್ಲ. ಊಟದ ಟೇಬಲ್ಲಿನಲ್ಲಿ ನೀವು ಹೇಳಿದ ಒಂದು ಸಾಲೇ ನೀವು. ಏನು ಬೇಕಾದರೂ ಹೇಳಬಹುದು ಅನ್ನುವ ಸ್ವಾತಂತ್ರ್ಯ ಇದೆ, ನಿಜ. ಹೇಳಿದ್ದನ್ನು ಮಾತ್ರ ದಿನಾ ಕಾಪಾಡಿಕೊಂಡು ಬರಬೇಕು. ತೋಟ ಎಷ್ಟು ಎಕರೆ ಅಂತ ಒಬ್ಬರು ಕೇಳುತ್ತಾರೆ, ಹಬ್ಬಕ್ಕೆ ಹೋಲ್‌ಸೇಲ್ ರೇಟಿಗೆ ಒಂದಿಷ್ಟು ಕೊಬ್ಬರಿ ತರಿಸಿಕೊಡಿ ಅಂತ ಇನ್ನೊಬ್ಬರು.

ಹೇಳದೆ ಇರುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ. ಹೇಳದೆ ಇರುವುದು ನಿಮ್ಮ ಹಕ್ಕು. ಸರ್‌ನೇಮ್ ಏನು, ಯಾವ ಪೈಕಿ, ಮನೇಲಿ ನಾನ್‌ವೆಜ್ ಮಾಡ್ತೀರಾ ಅಂತ ಸುತ್ತಿ ಬಳಸಿ ಜಾತಿ ಕೇಳುವವರು ಈ ಊರಿನ ಆಫೀಸುಗಳಲ್ಲಿ ಇದ್ದಾರೆ. ಅವರಿಗೆ ಉತ್ತರ ಕೊಡಬೇಕಾದ ಯಾವ ಬಾಧ್ಯತೆಯೂ ನಿಮಗಿಲ್ಲ. ‘ನೀವು ನೀವಾಗಿಯೇ ಬನ್ನಿ’ ಅಂತ ಗೋಡೆಗೆ ಪೋಸ್ಟರ್ ಹಾಕಿ, ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಇನ್ನೂ ಸುಧಾರಿಸಬೇಕು’ ಅಂತ ಬರೆಯುವ ಕಂಪನಿಗಳ ಮಾತು ನಂಬಿ ಮನೆಯದೆಲ್ಲ ಬಿಚ್ಚಿಡಲೂ ಹೋಗಬೇಡಿ. ಆಫೀಸಿಗೆ ನಿಮ್ಮ ಕೆಲಸ ಬೇಕು, ಒಳ್ಳೆಯ ನಡತೆ ಬೇಕು. ನಿಮ್ಮ ಒಳಗಿನದೆಲ್ಲ ಅವರಿಗೆ ಸೇರಿದ್ದಲ್ಲ.

ಆದರೆ ಅಪ್ಪನ ವಿಷಯದಲ್ಲಿ ನೀವು ಸುಮ್ಮನಿರಲಿಲ್ಲ, ಬೇರೆ ಅಪ್ಪನನ್ನು ತಂದು ನಿಲ್ಲಿಸಿದಿರಿ. ನಿಮ್ಮ ಮೇಲ್ ಐಡಿಯಲ್ಲಿ ಲಾಸ್ಟ್ ನೇಮ್ ಜಾಗಕ್ಕೆ ಅಪ್ಪನ ಹೆಸರೇ ಹೋಗಿದೆ ಅಂತಲೂ ಬರೆದಿದ್ದೀರಿ. ನಮ್ಮಲ್ಲಿ ಇನಿಶಿಯಲ್ ಇರುವವರ ಪಾಡೇ ಅದು, ಹೊರದೇಶದ ಫಾರಂಗಳಿಗೆ ಇನಿಶಿಯಲ್ ಅರ್ಥವೇ ಆಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಅಚ್ಚಾಗಿ ಬರುತ್ತದೆ. ನಿಮ್ಮ ಕ್ಲೈಂಟುಗಳು ದಿನಾ ನಿಮ್ಮ ಅಪ್ಪನ ಹೆಸರು ಟೈಪ್ ಮಾಡುತ್ತಾರೆ. ಅವರ ಹೆಸರು ಆಫೀಸಿಗೆ ಬರಬಹುದು, ಅವರು ಹೊತ್ತ ಮೂಟೆ ಬರಬಾರದು ಅಂದರೆ ಹೇಗೆ? ಆ ಮೂಟೆಯಿಂದಲೇ ಅಲ್ವಾ ನಿಮ್ಮ ಕಾಲೇಜಿನ ಫೀಸು ಹೋದದ್ದು.

ಎಲ್ಲರನ್ನೂ ಕೂರಿಸಿಕೊಂಡು ಹೇಳಬೇಕಾಗಿಲ್ಲ. ಮುಂದಿನ ಸಲ ಮಾತು ಬಂದಾಗ ‘ಅಪ್ಪ ತಿಪಟೂರು ಎಪಿಎಂಸಿಯಲ್ಲಿ ಲೋಡಿಂಗ್ ಕೆಲಸ ಮಾಡ್ತಾರೆ’ ಅನ್ನಿ. ಅಷ್ಟಕ್ಕೇ ನಿಲ್ಲಿಸಿ. ಕಷ್ಟದ ಕಥೆ ಸೇರಿಸಬೇಡಿ, ಕ್ಷಮೆಯನ್ನೂ ಸೇರಿಸಬೇಡಿ. ಬಿಸಿನೆಸ್ ಅಂದಿದ್ರಲ್ಲ ಅಂತ ಯಾರಾದರೂ ಕೇಳಿದರೆ, ಹೌದು ಅಂದಿದ್ದೆ, ಸರಿಯಾಗಿ ಹೇಳಿರಲಿಲ್ಲ ಅನ್ನಿ. ಒಬ್ಬಿಬ್ಬರ ಮುಖ ಬದಲಾಗಬಹುದು. ಹೀಗೆ ಹೇಳಿದರೆ ಏನೂ ಆಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ, ಆದರೆ ಯಾರಿಗೆ ಏನು ಹೇಳಿದ್ದೆ ಅಂತ ನೆನಪಿಟ್ಟುಕೊಳ್ಳುವ ಕೆಲಸ ಅವತ್ತಿಗೆ ನಿಲ್ಲುತ್ತದೆ. ಅಪ್ಪನನ್ನು ಆಫೀಸಿಗೆ ಕರೆದುಕೊಂಡು ಹೋಗುವುದು ಅದಾದ ಮೇಲಿನ ಮಾತು. ಹಿಂದಿನ ದಿನವೇ ವಿಸಿಟರ್ ಪಾಸ್ ಕೇಳಿಡಿ, ಅವರಿಗೆ ಆಧಾರ್ ತರಲು ಹೇಳಿ. ಕೆಲಸದ ಜಾಗಕ್ಕೆ ಬಿಡದಿದ್ದರೂ ಲಾಬಿವರೆಗೆ ಬಿಡುತ್ತಾರೆ.

ಹೆಸರಿನ ವಿಷಯ ನಿಮಗೆ ಬಿಟ್ಟದ್ದು. ಎರಡಕ್ಷರದ ಹೆಸರು ಇಷ್ಟವಾದರೆ ಇರಲಿ, ಎಷ್ಟೋ ಜನಕ್ಕೆ ಅದು ಹಗುರ ಅನ್ನಿಸುತ್ತದೆ. ಇಷ್ಟ ಇಲ್ಲದಿದ್ದರೆ ಚಾಟಿನಲ್ಲಿ ಕಾಣುವ ಹೆಸರನ್ನು ಪೂರ್ತಿ ಮಾಡಿಸಿ, ಕರೆದವರಿಗೆ ಒಮ್ಮೆ ಹೇಳಿಕೊಡಿ.

ಇದನ್ನು ಓದುತ್ತಿರುವ ಟೀಮ್ ಲೀಡ್‌ಗಳಿಗೂ ಒಂದು ಮಾತು. ಹೊಸಬರು ಸೇರಿದ ದಿನ ಎಲ್ಲರ ಎದುರು ನಿಲ್ಲಿಸಿ ಮನೆಯ ಬಗ್ಗೆ ಹೇಳಿ ಅನ್ನಬೇಡಿ. ನಿಮಗೆ ಅದು ಸಲಿಗೆಯ ಮಾತು, ಕೆಲವರಿಗೆ ಅಲ್ಲಿಂದಲೇ ಇಂಥದ್ದೊಂದು ಶುರುವಾಗುತ್ತದೆ. ನಿಮ್ಮ ಹೆಸರು ಹೇಗೆ ಹೇಳಬೇಕು ಅಂತ ಕೇಳಿ, ಹಾಗೇ ಕರೆಯಿರಿ. ನವೆಂಬರ್ ಒಂದನೇ ತಾರೀಕು ಪಂಚೆ ಉಟ್ಟು ಫೋಟೋ ತೆಗೆಸಿಕೊಂಡರೆ ಸಾಲದು, ಮಾಮೂಲಿ ಮಂಗಳವಾರ ಇಬ್ಬರು ಕನ್ನಡದಲ್ಲಿ ಮಾತಾಡಿಕೊಂಡರೆ ತಿರುಗಿ ನೋಡದೆ ಇರಿ. ನಿಮ್ಮ ಟೀಮಿನಲ್ಲಿ ಇದನ್ನು ಬೇರೆ ರೀತಿ ನಿಭಾಯಿಸಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

– ಸಂಪಾದಕ