ಓಹೇರ್‌ನಿಂದ ಇವಾನ್‌ಸ್ಟನ್‌ಗೆ: ಮೊದಲ ದಿನ ರೈಲೋ, ಬಸ್ಸೋ, ಟ್ಯಾಕ್ಸಿಯೋ?

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಪ್ರವೇಶ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ದೋಹಾ ಮೂಲಕ ಷಿಕಾಗೋದ ಓಹೇರ್ ವಿಮಾನ ನಿಲ್ದಾಣಕ್ಕೆ ಒಬ್ಬಳೇ ಹೋಗುತ್ತಿದ್ದಾಳೆ. ಎರಡು ದೊಡ್ಡ ಸೂಟ್‌ಕೇಸ್‌ಗಳಿರುತ್ತವೆ. ನಿಲ್ದಾಣದಿಂದಲೇ ರೈಲು ಇರುವಾಗ ಟ್ಯಾಕ್ಸಿಗೆ ಏಕೆ ಹಣ ಸುರಿಯಬೇಕು ಎಂಬುದು ಅವಳ ವಾದ. ನಮಗೆ ಆತಂಕವಿದೆ. ಯಾವುದು ಸರಿ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಓಹೇರ್‌ನಿಂದ ರೈಲು ಇದೆ ಎನ್ನುವುದು ನಿಜ. ಆದರೆ ಆ ರೈಲು ನಿಮ್ಮ ಮಗಳು ಹೋಗಬೇಕಾದ ದಿಕ್ಕಿಗೆ ಹೋಗುವುದಿಲ್ಲ. ನಾರ್ತ್‌ವೆಸ್ಟರ್ನ್‌ನ ಮುಖ್ಯ ಕ್ಯಾಂಪಸ್ ಇರುವುದು ಷಿಕಾಗೋ ನಗರದೊಳಗಲ್ಲ, ನಗರದ ಉತ್ತರದ ಅಂಚಿಗೆ ಹೊಂದಿಕೊಂಡು ಮಿಷಿಗನ್ ಸರೋವರದ ದಡದಲ್ಲಿರುವ ಇವಾನ್‌ಸ್ಟನ್ ಎಂಬ ಊರಿನಲ್ಲಿ. ಓಹೇರ್ ಇರುವುದು ನಗರದ ವಾಯವ್ಯಕ್ಕೆ. ಎರಡರ ನಡುವೆ ರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್‌ಗಿಂತ ಹೆಚ್ಚು ದೂರವಿಲ್ಲ. ಓಹೇರ್‌ನಿಂದ ಹೊರಡುವ ಬ್ಲೂ ಲೈನ್ ರೈಲಾದರೋ ಆಗ್ನೇಯಕ್ಕೆ, ನೇರವಾಗಿ ನಗರದ ಮಧ್ಯಭಾಗಕ್ಕೆ ಹೋಗುತ್ತದೆ. ಅಲ್ಲಿ ಜಾಕ್ಸನ್ ನಿಲ್ದಾಣದಲ್ಲಿ ಇಳಿದು, ನೆಲದಡಿಯ ದಾರಿಯಲ್ಲಿ ನಡೆದು ರೆಡ್ ಲೈನ್ ಹತ್ತಿ, ಉತ್ತರದ ಕೊನೆಯ ನಿಲ್ದಾಣವಾದ ಹೋವರ್ಡ್‌ವರೆಗೆ ಬಂದು, ಮತ್ತೆ ಪರ್ಪಲ್ ಲೈನ್‌ಗೆ ಬದಲಾಯಿಸಿಕೊಂಡರೆ ಇವಾನ್‌ಸ್ಟನ್ ಸಿಗುತ್ತದೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು ಹೊಸಕೋಟೆಗೆ ಹೋಗಬೇಕಾದವರು ಮೆಜೆಸ್ಟಿಕ್‌ಗೆ ಬಂದು ಹೋದ ಹಾಗಾಗುತ್ತದೆ. ಮೂರು ರೈಲು, ಎರಡು ಬದಲಾವಣೆ, ಎಲ್ಲವೂ ಸುಗಮವಾಗಿ ನಡೆದರೂ ಒಂದೂವರೆ ಗಂಟೆಗಿಂತ ಹೆಚ್ಚು ಕಾಲ.

ಹಾಗಾಗಿ ನನ್ನ ಸಲಹೆ ಸ್ಪಷ್ಟವಾಗಿದೆ: ಎರಡು ಸೂಟ್‌ಕೇಸ್‌ಗಳೊಂದಿಗೆ, ಇಡೀ ದಿನದ ಪ್ರಯಾಣದ ಬಳಿಕ, ಮೊದಲ ಬಾರಿ ಇಳಿಯುವ ದಿನ ಕಾರಿನಲ್ಲಿ ಹೋಗಲಿ. ರೈಲಿನ ಉಳಿತಾಯವನ್ನು ಮುಂದಿನ ಎರಡು ವರ್ಷಗಳಲ್ಲಿ ಎಷ್ಟು ಬೇಕಾದರೂ ಮಾಡಬಹುದು. ಟ್ಯಾಕ್ಸಿಗಾಗಲಿ ಉಬರ್, ಲಿಫ್ಟ್ (Lyft) ಆ್ಯಪ್‌ಗಳ ಕಾರಿಗಾಗಲಿ ಸಾಮಾನ್ಯವಾಗಿ 40ರಿಂದ 60 ಡಾಲರ್ ಬೀಳುತ್ತದೆ, ದಟ್ಟಣೆಯ ಹೊತ್ತಿನಲ್ಲಿ ಇನ್ನಷ್ಟು ಏರಬಹುದು. ಸಮಯ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಸಾಲಿನಲ್ಲಿ ನಿಂತಿರುವ ಟ್ಯಾಕ್ಸಿಯನ್ನೇ ಹತ್ತುವುದಾದರೆ, ಷಿಕಾಗೋದ ಹೊರಗಿನ ಊರಿಗೆ ದರವನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ಚೀಲ ಡಿಕ್ಕಿಗೆ ಇಡುವ ಮೊದಲೇ ಕೇಳಿಕೊಳ್ಳಬೇಕು. ಅದೇ ವಾರ ಬಂದಿಳಿಯುವ ಸಹಪಾಠಿಗಳೊಂದಿಗೆ ಕಾರು ಹಂಚಿಕೊಳ್ಳುವುದು ಕೇಳಲು ಚೆನ್ನ. ಆದರೆ ಇಬ್ಬರ ವಿಮಾನಗಳು ಒಂದು ಗಂಟೆಯ ಅಂತರದಲ್ಲಿ ಇಳಿದರೂ ಇಮಿಗ್ರೇಷನ್ ಸಾಲಿನಿಂದ ಹೊರಬರುವಾಗ ಆ ಅಂತರ ಎಷ್ಟಾಗಿರುತ್ತದೆಂದು ಯಾರೂ ಹೇಳಲಾರರು. ಇದೇ ಕಾರಣಕ್ಕೆ, ಮುಂಗಡವಾಗಿ ಕಾರು ಕಾದಿರಿಸುವವರು ವಿಮಾನ ಇಳಿಯುವ ಸಮಯವನ್ನು ಕೊಡದೆ, ಅದಕ್ಕೆ ಕನಿಷ್ಠ ಎರಡು ಗಂಟೆ ಸೇರಿಸಿ ಕೊಡುವುದು ಒಳ್ಳೆಯದು.

ಕಾರಿಗೆ ಅಷ್ಟು ಹಣ ಕೊಡಲು ಅವಳು ಒಪ್ಪದಿದ್ದರೆ, ರೈಲಿಗಿಂತ ಉತ್ತಮವಾದ ಒಂದು ಬಸ್ಸಿದೆ, ಹೊಸದಾಗಿ ಬರುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಷಿಕಾಗೋದ ಉಪನಗರಗಳಿಗೆ ಬಸ್ ಓಡಿಸುವ ಪೇಸ್ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಪಲ್ಸ್ ಡೆಂಪ್‌ಸ್ಟರ್ ಲೈನ್ ಎಂಬ ಸೀಮಿತ ನಿಲುಗಡೆಯ ಬಸ್ ಸೇವೆಯನ್ನು ಆರಂಭಿಸಿತು. ಅದಕ್ಕೂ ಮೊದಲು ಇದೇ ದಾರಿಯಲ್ಲಿ 250ನೇ ಸಂಖ್ಯೆಯ ಬಸ್ ಓಡುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಇಂದಿಗೂ ಆ ಸಂಖ್ಯೆಯನ್ನೇ ಹೇಳುವುದುಂಟು. ಈ ಬಸ್ ಓಹೇರ್‌ನಿಂದ ಹೊರಟು ಡೆಸ್ ಪ್ಲೇನ್ಸ್, ನೈಲ್ಸ್, ಮಾರ್ಟನ್ ಗ್ರೋವ್, ಸ್ಕೋಕಿ ಊರುಗಳನ್ನು ಹಾದು, ನಗರದ ಮಧ್ಯಭಾಗವನ್ನು ಮುಟ್ಟದೆಯೇ ಇವಾನ್‌ಸ್ಟನ್‌ನ ಡೇವಿಸ್ ಸ್ಟ್ರೀಟ್ ನಿಲ್ದಾಣಕ್ಕೆ ಬರುತ್ತದೆ. ಸುಮಾರು ಒಂದು ಗಂಟೆಯ ಪ್ರಯಾಣ, ಬೆಲೆ ಕೆಲವೇ ಡಾಲರ್. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಹತ್ತಿದರೆ ನಡುವೆ ಎಲ್ಲಿಯೂ ಬದಲಾಯಿಸಬೇಕಾಗಿಲ್ಲ. ತಡರಾತ್ರಿ ಇದನ್ನು ನಂಬುವಂತಿಲ್ಲ. ಹೊರಡುವ ಮುನ್ನ ಆ ದಿನದ ವೇಳಾಪಟ್ಟಿಯನ್ನು ಪೇಸ್‌ನ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಈ ಬಸ್ ಟರ್ಮಿನಲ್‌ನ ಬಾಗಿಲಿಗೆ ಬರುವುದಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು. ದೋಹಾದಿಂದ ಬರುವ ವಿಮಾನದ ಪ್ರಯಾಣಿಕರು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಹೊರಬರುವುದು ಟರ್ಮಿನಲ್ 5ರಲ್ಲಿ. ಈ ಟರ್ಮಿನಲ್ ಉಳಿದ ಮೂರಕ್ಕಿಂತ ಪ್ರತ್ಯೇಕವಾಗಿದೆ. ಬ್ಲೂ ಲೈನ್ ನಿಲ್ದಾಣವೂ ಇಲ್ಲಿಲ್ಲ, ಅದು 1, 2, 3ನೇ ಟರ್ಮಿನಲ್‌ಗಳ ಬಳಿ ನೆಲದಡಿಯಲ್ಲಿದೆ. ಟರ್ಮಿನಲ್‌ಗಳ ನಡುವೆ ಓಡಾಡುವ, ಚಾಲಕರಿಲ್ಲದ ಉಚಿತ ರೈಲನ್ನು ಎ.ಟಿ.ಎಸ್. ಎನ್ನುತ್ತಾರೆ. ಹೊರಬಂದ ಬಳಿಕ ಆ ಹೆಸರಿನ ಫಲಕವನ್ನು ಹಿಂಬಾಲಿಸಿ ಮೇಲಕ್ಕೆ ಹೋಗಿ, ಮಲ್ಟಿ ಮೋಡಲ್ ಫೆಸಿಲಿಟಿ ಎಂಬ ನಿಲುಗಡೆಯಲ್ಲಿ ಇಳಿಯಬೇಕು. ಬಾಡಿಗೆ ಕಾರುಗಳ ಕಂಪನಿಗಳೆಲ್ಲ ಇರುವ ಕಟ್ಟಡ ಅದು. ಪೇಸ್ ಬಸ್‌ಗಳು ಹೊರಡುವುದು ಅಲ್ಲಿಂದಲೇ. ಮಗಳು ಯಾರನ್ನಾದರೂ ಕೇಳುವಾಗ ಬಸ್ ಎಲ್ಲಿ ಎಂದಷ್ಟೇ ಕೇಳಿದರೆ ಹೋಟೆಲ್‌ಗಳ ವ್ಯಾನ್ ನಿಲ್ಲುವ ಜಾಗವನ್ನು ತೋರಿಸಿಬಿಡುವ ಸಾಧ್ಯತೆಯಿದೆ, ಆದ್ದರಿಂದ ಪೇಸ್ ಬಸ್ ಎಂದು ಹೆಸರು ಹಿಡಿದೇ ಕೇಳಲಿ.

ಟಿಕೆಟ್ ವಿಚಾರದಲ್ಲಿ ಒಂದು ಸಣ್ಣ ಸಿದ್ಧತೆ ಊರಿನಲ್ಲಿಯೇ ಆಗಬೇಕು. ಷಿಕಾಗೋದ ನಗರ ರೈಲು ಮತ್ತು ಪೇಸ್ ಬಸ್‌ಗಳೆರಡರಲ್ಲೂ ವೆಂಟ್ರಾ ಎಂಬ ಕಾರ್ಡ್ ನಡೆಯುತ್ತದೆ. ತಾಗಿಸಿ ಹಣ ಕೊಡುವ ಸೌಲಭ್ಯವಿರುವ ಬ್ಯಾಂಕ್ ಕಾರ್ಡ್‌ಗಳೂ ನಡೆಯುತ್ತವೆ. ಆದರೆ ನಮ್ಮ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ತಾನಾಗಿಯೇ ಚಾಲೂ ಇರುವುದಿಲ್ಲ, ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಚಾಲೂ ಮಾಡಿಕೊಳ್ಳಬೇಕು. ಇದನ್ನು ಬೆಂಗಳೂರಿನಲ್ಲಿ, ಓಟಿಪಿ ಬರುವ ಸಿಮ್ ಕೆಲಸ ಮಾಡುತ್ತಿರುವಾಗಲೇ ಮುಗಿಸಬೇಕು. ಕೈಯಲ್ಲಿ ಒಂದು ಮತ್ತು ಐದು ಡಾಲರ್‌ಗಳ ಕೆಲವು ನೋಟುಗಳೂ ಇರಲಿ, ಬಸ್‌ನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ.

ಇನ್ನು, ವಿಮಾನ ತಡವಾಗಿ ರಾತ್ರಿ ಹತ್ತು ದಾಟಿದರೆ ಏನು ಮಾಡಬೇಕೆಂಬುದನ್ನು ಈಗಲೇ ನಿರ್ಧರಿಸಿಡಿ. ಬ್ಲೂ ಮತ್ತು ರೆಡ್ ಲೈನ್‌ಗಳು ದಿನದ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತವೆ, ಪರ್ಪಲ್ ಲೈನ್ ಹಾಗಲ್ಲ. ನಡುರಾತ್ರಿ ಕಳೆದ ಮೇಲೆ ಸಾಮಾನು ಹಿಡಿದು ಹೋವರ್ಡ್ ನಿಲ್ದಾಣದಲ್ಲಿ ಕಾಯುವ ಪರಿಸ್ಥಿತಿ ಯಾವ ವಿದ್ಯಾರ್ಥಿಗೂ ಬೇಡ. ಅಷ್ಟು ಹೊತ್ತಿಗೆ ಕೊಠಡಿಯ ಕೀಲಿ ಕೊಡುವ ಕಚೇರಿಯೂ ಮುಚ್ಚಿರಬಹುದು. ಅಂಥ ಸಂದರ್ಭದಲ್ಲಿ ಓಹೇರ್ ಬಳಿಯೇ, ಉಚಿತ ವ್ಯಾನ್ ಇರುವ ಯಾವುದಾದರೂ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿ ಬೆಳಿಗ್ಗೆ ಹೋಗುವುದು ಜಾಣತನ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಎರಡನೇ ಸೂಟ್‌ಕೇಸ್ ಏಕೆ? ಕುಕ್ಕರ್, ಬೇಳೆ, ಸಾಂಬಾರು ಪುಡಿ ತುಂಬಲು ಎಂದಾದರೆ ಅದರ ಅಗತ್ಯ ಅಷ್ಟಾಗಿಲ್ಲ. ಇವಾನ್‌ಸ್ಟನ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಷಿಕಾಗೋದ ಉತ್ತರ ಭಾಗದ ಡೆವನ್ ಅವೆನ್ಯೂ ಉದ್ದಕ್ಕೂ ಭಾರತೀಯ ದಿನಸಿ ಅಂಗಡಿಗಳಿವೆ. ಆ ಸೂಟ್‌ಕೇಸ್ ಒಂದು ಕಡಿಮೆಯಾದರೆ ನಿಮ್ಮ ಮನೆಯ ವಾದದಲ್ಲಿ ಮಗಳ ಪಕ್ಷಕ್ಕೆ ಬಲ ಬರುತ್ತದೆ, ಬಸ್ ನಿಜಕ್ಕೂ ಸುಲಭವಾಗುತ್ತದೆ.

ಪ್ರಶ್ನೆ: ನನ್ನ ತಮ್ಮ ಮೊದಲು ಡಲ್ಲಾಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ, ಅಲ್ಲಿಂದ ಒಂದೇ ಬ್ಯಾಗ್‌ನೊಂದಿಗೆ ಷಿಕಾಗೋದ ಮಿಡ್‌ವೇ ನಿಲ್ದಾಣಕ್ಕೆ ಬರುತ್ತಾನೆ. ಅವನಿಗೂ ಇದೇ ಸಲಹೆಯೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಅಲ್ಲ, ಅವನು ಧಾರಾಳವಾಗಿ ರೈಲಿನಲ್ಲಿ ಹೋಗಬಹುದು. ಮಿಡ್‌ವೇ ನಗರದ ನೈರುತ್ಯದಲ್ಲಿರುವುದರಿಂದ ಇವಾನ್‌ಸ್ಟನ್‌ಗೆ ಹೋಗುವ ಯಾವ ದಾರಿಯೂ ನಗರವನ್ನು ದಾಟಲೇಬೇಕು, ಕಾರಿನಲ್ಲಿ ಹೋದರೆ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಮಿಡ್‌ವೇಯಿಂದ ಆರೆಂಜ್ ಲೈನ್ ಹತ್ತಿ, ರೂಸ್‌ವೆಲ್ಟ್ ನಿಲ್ದಾಣದಲ್ಲಿ ರೆಡ್ ಲೈನ್‌ಗೆ ಬದಲಾಯಿಸಿ, ಹೋವರ್ಡ್‌ನಲ್ಲಿ ಪರ್ಪಲ್ ಲೈನ್ ಹಿಡಿಯಲಿ. ವಾರದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಪರ್ಪಲ್ ಲೈನ್‌ನ ಎಕ್ಸ್‌ಪ್ರೆಸ್ ರೈಲುಗಳು ನಗರ ಮಧ್ಯವನ್ನು ಸುತ್ತುವ, ಲೂಪ್ ಎಂಬ ಎತ್ತರದ ರೈಲು ಹಾದಿಯವರೆಗೂ ಬರುತ್ತವೆ. ಆರೆಂಜ್ ಮತ್ತು ಪರ್ಪಲ್ ಎರಡೂ ಲೂಪನ್ನು ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಆಗ ಇಳಿದ ಪ್ಲಾಟ್‌ಫಾರ್ಮ್‌ನಲ್ಲಿಯೇ ನಿಂತು ಇನ್ನೊಂದನ್ನು ಹತ್ತಿದರೆ ಸಾಕು, ಹೋವರ್ಡ್‌ನ ಬದಲಾವಣೆ ತಪ್ಪುತ್ತದೆ.

ಇಳಿಯುವ ನಿಲ್ದಾಣದ ಬಗ್ಗೆ ಎಚ್ಚರಿಕೆ ಬೇಕು. ಮ್ಯಾಪ್ ನೋಡಿದರೆ ಕ್ಯಾಂಪಸ್‌ಗೆ ಫಾಸ್ಟರ್ ಮತ್ತು ನಾಯ್ಸ್ ನಿಲ್ದಾಣಗಳು ಹತ್ತಿರ ಕಾಣುತ್ತವೆ, ಆದರೆ ಎತ್ತರದಲ್ಲಿರುವ ಈ ಎರಡೂ ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಬ್ಯಾಗ್ ಭಾರವಾಗಿದ್ದರೆ ಅದಕ್ಕೂ ಒಂದು ನಿಲ್ದಾಣ ಮೊದಲೇ, ಲಿಫ್ಟ್ ಇರುವ ಡೇವಿಸ್‌ನಲ್ಲಿ ಇಳಿದು ನಡೆಯುವುದೋ ಕಾರು ಹಿಡಿಯುವುದೋ ಮೇಲು.

ಪ್ರಶ್ನೆ: ನಾನು ನಾರ್ತ್‌ವೆಸ್ಟರ್ನ್‌ನಲ್ಲಿ ಎಲ್‌ಎಲ್‌.ಎಂ. ಸೇರುತ್ತಿದ್ದೇನೆ. ಇವಾನ್‌ಸ್ಟನ್‌ನಲ್ಲಿ ಮನೆ ನೋಡುತ್ತಿದ್ದೇನೆ. ಓಹೇರ್‌ನಿಂದ ಹೇಗೆ ಹೋಗಲಿ? (ಓದುಗರೊಬ್ಬರು, ಮಂಗಳೂರು)

ಉತ್ತರ: ಮನೆ ನೋಡುವುದನ್ನು ಸ್ವಲ್ಪ ನಿಲ್ಲಿಸಿ. ಕಾನೂನು ಶಾಲೆ ಮತ್ತು ವೈದ್ಯಕೀಯ ಶಾಲೆಗಳು ಇವಾನ್‌ಸ್ಟನ್‌ನಲ್ಲಿಲ್ಲ, ಷಿಕಾಗೋ ನಗರದ ಸ್ಟ್ರೀಟರ್‌ವಿಲ್ ಬಡಾವಣೆಯಲ್ಲಿರುವ ಇನ್ನೊಂದು ಕ್ಯಾಂಪಸ್‌ನಲ್ಲಿವೆ. ಎರಡು ಕ್ಯಾಂಪಸ್‌ಗಳ ನಡುವೆ ವಿಶ್ವವಿದ್ಯಾಲಯದ್ದೇ ಬಸ್ ಇದೆಯಾದರೂ ದಿನವೂ ಅದನ್ನೇ ನೆಚ್ಚಿ ಮನೆ ಮಾಡುವ ಮುನ್ನ ತರಗತಿಗಳ ಸಮಯವನ್ನು ನೋಡಿಕೊಳ್ಳಿ. ನಿಮ್ಮ ಮಟ್ಟಿಗೆ ಬ್ಲೂ ಲೈನ್ ಸರಿಯಾದ ದಿಕ್ಕಿಗೇ ಹೋಗುತ್ತದೆ: ಜಾಕ್ಸನ್‌ನಲ್ಲಿ ರೆಡ್ ಲೈನ್‌ಗೆ ಬದಲಾಯಿಸಿ ಷಿಕಾಗೋ ಎಂಬ ಹೆಸರಿನ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆಯಿರಿ. ಇದೇ ಹೆಸರಿನ ನಿಲ್ದಾಣ ಬ್ಲೂ ಲೈನ್‌ನಲ್ಲೂ ಬರುತ್ತದೆ. ಅದು ಪಶ್ಚಿಮಕ್ಕೆ ಬಹಳ ದೂರದಲ್ಲಿದೆ, ಹೆಸರು ನೋಡಿ ಅಲ್ಲಿಯೇ ಇಳಿಯಬೇಡಿ. ಅಕಸ್ಮಾತ್ ಇಳಿದರೂ ಗಾಬರಿ ಬೇಕಿಲ್ಲ, ಷಿಕಾಗೋ ಅವೆನ್ಯೂ ಉದ್ದಕ್ಕೂ ಓಡುವ 66ನೇ ಸಂಖ್ಯೆಯ ಬಸ್ ಪೂರ್ವ ದಿಕ್ಕಿನಲ್ಲಿ ನಿಮ್ಮನ್ನು ಕ್ಯಾಂಪಸ್‌ನ ಸಮೀಪಕ್ಕೇ ತಲುಪಿಸುತ್ತದೆ.