ಪ್ರೆಸ್ ಜಾಕೆಟ್ ಎಷ್ಟರಮಟ್ಟಿಗೆ ಕಾಪಾಡುತ್ತದೆ?

ಪ್ರಶ್ನೆ: ರೆಡ್ ಕ್ರಾಸ್ ಲಾಂಛನದಂತೆ ಜಾಕೆಟ್ ಮೇಲಿನ ‘ಪ್ರೆಸ್’ ಬರಹಕ್ಕೂ ಯುದ್ಧದಲ್ಲಿ ಕಾನೂನಿನ ಮಾನ್ಯತೆ ಇದೆಯೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲ. ಪತ್ರಕರ್ತರಿಗೆಂದು ಪ್ರತ್ಯೇಕ ಲಾಂಛನವೇ ಇಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 79ನೇ ವಿಧಿ ಅವರನ್ನು ನಾಗರಿಕರೆಂದೇ ಪರಿಗಣಿಸುತ್ತದೆ. ಭಾರತ ಈ ಪ್ರೋಟೊಕಾಲ್ ಒಪ್ಪಿಲ್ಲ. ಆದರೆ ಇದೇ ನಿಯಮ ರೂಢಿಗತ ಅಂತರರಾಷ್ಟ್ರೀಯ ಕಾನೂನಾಗಿಯೂ ಬೆಳೆದಿರುವುದರಿಂದ ಯಾವ ಸೇನೆಯೂ ‘ನಮಗೆ ಅನ್ವಯಿಸದು’ ಎನ್ನುವಂತಿಲ್ಲ. ನಾಗರಿಕರನ್ನು ಬೇಕೆಂದೇ ಗುರಿಯಾಗಿಸುವುದು ಯುದ್ಧಾಪರಾಧ, ಜಾಕೆಟ್ ಇದ್ದರೂ ಇಲ್ಲದಿದ್ದರೂ. ‘ಯಾರೆಂದು ಗೊತ್ತಾಗಲಿಲ್ಲ’ ಎಂಬ ನೆಪಕ್ಕೆ ಜಾಗ ಕೊಡದಿರುವುದೇ ಜಾಕೆಟ್‌ನ ಕೆಲಸ.

ಬಂದೂಕು ಹಿಡಿದರೆ, ಸೇನೆಗೆ ಗುರಿ ತೋರಿಸಿಕೊಟ್ಟರೆ ಈ ರಕ್ಷಣೆ ಹೋಗುತ್ತದೆ. ಯುದ್ಧದಲ್ಲಿರುವ ಒಂದು ಪಕ್ಷದ ಪರವಾಗಿ ಬರೆದ ಮಾತ್ರಕ್ಕೆ ಹೋಗುವುದಿಲ್ಲ. ಸೈನಿಕರ ಜೊತೆ ಪ್ರಯಾಣಿಸುವ ಪತ್ರಕರ್ತ ನಾಗರಿಕನಾಗಿಯೇ ಉಳಿದರೂ ಪಕ್ಕದಲ್ಲಿರುವ ಸೈನಿಕರು, ಅವರ ವಾಹನ ಎರಡೂ ಕಾನೂನುಬದ್ಧ ಗುರಿಗಳೇ. ರಾಯಿಟರ್ಸ್ ಸುದ್ದಿಸಂಸ್ಥೆಯ ಭಾರತೀಯ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ 2021ರ ಜುಲೈ 16ರಂದು ಅಫ್ಗಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಹತರಾದಾಗ ಅಫ್ಗನ್ ವಿಶೇಷ ಪಡೆಯ ಜೊತೆಗಿದ್ದರು. ಸೇನೆಯ ಅಧಿಕೃತ ಗುರುತುಚೀಟಿ ಪಡೆದು ಜೊತೆಗೆ ಹೋದ ಯುದ್ಧ ವರದಿಗಾರ ಸೆರೆಯಾದರೆ ಯುದ್ಧಕೈದಿಯ ಹಕ್ಕುಗಳು ಸಿಗುತ್ತವೆ. ಸ್ವತಂತ್ರವಾಗಿ ಹೋದವರಿಗೆ ಅವಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗುವ ಬುಲೆಟ್‌ಪ್ರೂಫ್ ಜಾಕೆಟ್ ಕೊಂಡರೆ ಸಾಕೇ?
– ಫ್ರೀಲಾನ್ಸ್ ಛಾಯಾಗ್ರಾಹಕ, ಮಂಗಳೂರು

ಉತ್ತರ: ಅವುಗಳಲ್ಲಿ ಹೆಚ್ಚಿನವು ಲೆವೆಲ್ 3ಎ (ಅಮೆರಿಕದ ಮಾನದಂಡದ ಒಂದು ದರ್ಜೆ) ಬಟ್ಟೆಯವು. ಪಿಸ್ತೂಲಿನ ಗುಂಡನ್ನೂ ಶೆಲ್‌ನ ಸಣ್ಣ ಚೂರುಗಳನ್ನೂ ತಡೆಯುತ್ತವೆ. ರೈಫಲ್ ಗುಂಡು ಮಾತ್ರ ತೂರಿ ಹೋಗುತ್ತದೆ. ರೈಫಲ್‌ಗೆ ಎದೆಗೊಂದು, ಬೆನ್ನಿಗೊಂದು ಗಟ್ಟಿ ಪ್ಲೇಟ್ ಬೇಕು: ಸಾಮಾನ್ಯ ಗುಂಡಿಗೆ ಲೆವೆಲ್ 3, ಕವಚಭೇದಕ ಗುಂಡಿಗೆ ಲೆವೆಲ್ 4. ಪ್ಲೇಟ್‌ನ ಮೇಲಂಚು ಕತ್ತಿನ ಬುಡದ ಗುಳಿಗೆ ಸಮನಾಗಿರಲಿ. ಅನೇಕರು ಹೊಟ್ಟೆಯ ಮೇಲೆ ಇಳಿಬಿಡುತ್ತಾರೆ. ಆಗ ಹೃದಯದ ಮೇಲ್ಭಾಗ ಬಯಲಾಗುತ್ತದೆ. ಸೆರಾಮಿಕ್ ಪ್ಲೇಟ್ ಕೆಳಗೆ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬರಬಹುದು, ಎಕ್ಸ್‌ರೇ ತೆಗೆಸದೆ ತಿಳಿಯದು. ಹಾಗಾಗಿ ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ.

ಎಲ್ಲ ಸೇರಿ ಹತ್ತು ಕೆ.ಜಿ. ದಾಟುತ್ತದೆ. ಹೊರಡುವ ಮುನ್ನ ಅದನ್ನು ತೊಟ್ಟು ಓಡಿ, ಮೆಟ್ಟಿಲು ಹತ್ತಿ, ನೆಲಕ್ಕೆ ಮಲಗಿ ಏಳಿ. ಬಣ್ಣ ನೀಲಿಯಿರಲಿ, ಸೇನೆಯ ಹಸಿರು ಬೇಡ. ಹೆಲ್ಮೆಟ್ ಇರುವುದು ಮುಖ್ಯವಾಗಿ ಚೂರುಗಳಿಗಾಗಿ. 2022ರ ಮೇ 11ರಂದು ಪಶ್ಚಿಮ ದಂಡೆಯ ಜೆನಿನ್‌ನಲ್ಲಿ ಅಲ್ ಜಜೀರಾ ವಾಹಿನಿಯ ವರದಿಗಾರ್ತಿ ಶಿರೀನ್ ಅಬು ಅಕ್ಲೆ ಹೆಲ್ಮೆಟ್, ಪ್ರೆಸ್ ಜಾಕೆಟ್ ಎರಡನ್ನೂ ಧರಿಸಿದ್ದರು. ಗುಂಡು ಹೆಲ್ಮೆಟ್‌ನ ಅಂಚಿನ ಕೆಳಗೆ ತಲೆಗೆ ಹೊಕ್ಕಿತು. ಅವರನ್ನು ಕೊಂದವರಿಗೆ ಶಿಕ್ಷೆಯಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಕೆಲವು ದೇಶಗಳಲ್ಲಿ ಇಂಥ ಜಾಕೆಟ್ ಸೇನಾ ಸಾಮಗ್ರಿ ಎನಿಸಿಕೊಂಡು ಕಸ್ಟಮ್ಸ್‌ನಲ್ಲಿ ಜಪ್ತಿಯಾಗುತ್ತದೆ. ರಾಯಭಾರ ಕಚೇರಿಯಿಂದ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ. ಕೊಳ್ಳುವ ಶಕ್ತಿ ಇಲ್ಲದಿದ್ದರೆ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆ ಎರವಲು ಕೊಡುತ್ತದೆ.

ಪ್ರಶ್ನೆ: ಪ್ರಥಮ ಚಿಕಿತ್ಸೆಯಲ್ಲಿ ಕಡ್ಡಾಯವಾಗಿ ಕಲಿಯಬೇಕಾದದ್ದು ಯಾವುದು?
– ಓದುಗರು, ಕಲಬುರಗಿ

ಉತ್ತರ: ರಕ್ತ ನಿಲ್ಲಿಸುವುದು. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಶೆಲ್ ಚೂರು ತಗುಲಿದ ಯುದ್ಧ ಛಾಯಾಗ್ರಾಹಕ ಟಿಮ್ ಹೆದರಿಂಗ್‌ಟನ್ ಆಸ್ಪತ್ರೆಯ ದಾರಿಯಲ್ಲೇ ರಕ್ತ ಸುರಿದು ತೀರಿಕೊಂಡರು. ಆ ನೋವಿನಿಂದಲೇ ಗೆಳೆಯ ಸೆಬಾಸ್ಟಿಯನ್ ಯಂಗರ್ ಫ್ರೀಲಾನ್ಸ್ ವರದಿಗಾರರಿಗೆ ಉಚಿತ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಇರುವುದು ಕೆಲವೇ ನಿಮಿಷ, ಆಂಬುಲೆನ್ಸ್ ಅಷ್ಟರಲ್ಲಿ ಬಾರದು.

ಕೈಕಾಲಿನ ಗಾಯಕ್ಕೆ ಟೂರ್ನಿಕೆಟ್, ಅಂದರೆ ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ. ಗಾಯಕ್ಕಿಂತ ಐದಾರು ಸೆಂ.ಮೀ. ಮೇಲೆ ಕಟ್ಟಿ, ಮೊಣಕಾಲು, ಮೊಣಕೈಗಳ ಕೀಲಿನ ಮೇಲೆ ಕಟ್ಟಬೇಡಿ. ಪಟ್ಟಿಯನ್ನು ಮೊದಲು ಕೈಯಿಂದಲೇ ಬಲವಾಗಿ ಎಳೆದು, ಆಮೇಲೆ ರಕ್ತ ಪೂರ್ತಿ ನಿಲ್ಲುವವರೆಗೆ ಕಡ್ಡಿ ತಿರುಗಿಸಿ. ಸಡಿಲ ಪಟ್ಟಿಗೆ ಕಡ್ಡಿ ತಿರುಗಿಸುವುದೇ ಎಲ್ಲರೂ ಮಾಡುವ ತಪ್ಪು. ಅರೆಬಿಗಿಯಾದರೆ ಹೃದಯಕ್ಕೆ ಮರಳುವ ರಕ್ತವಷ್ಟೇ ತಡೆಯುತ್ತದೆ, ಬರುವ ರಕ್ತ ಬರುತ್ತಲೇ ಇರುತ್ತದೆ, ಸ್ರಾವ ಹೆಚ್ಚುತ್ತದೆ. ಗಾಯಾಳು ನೋವಿಗೆ ಚೀರಿದರೂ ಸಡಿಲಿಸಬೇಡಿ. ಕಟ್ಟಿದ ಹೊತ್ತನ್ನು ಪಟ್ಟಿಯ ಮೇಲೋ ಹಣೆಯ ಮೇಲೋ ಬರೆಯಿರಿ. ತೊಡೆಸಂದು, ಕಂಕುಳಿಗೆ ಪಟ್ಟಿ ಹಿಡಿಯದು. ಅಲ್ಲಿ ಗಾಯದೊಳಕ್ಕೆ ಗಾಜ್ ಬಟ್ಟೆ ತುರುಕಿ ಮೈಭಾರ ಹಾಕಿ ಒತ್ತಬೇಕು. ಅಗ್ಗದ ನಕಲಿ ಪಟ್ಟಿಗಳ ಕಡ್ಡಿ ತಿರುವುವಾಗಲೇ ಮುರಿಯುತ್ತದೆ. ಎರಡು ಅಸಲಿ ಪಟ್ಟಿಗಳು ಎರಡೂ ಕೈಗೆ ಎಟಕುವ ಜಾಗದಲ್ಲಿರಲಿ, ತಂಡದವರೆಲ್ಲರೂ ಒಂದೇ ಜಾಗದಲ್ಲಿ ಇಟ್ಟುಕೊಳ್ಳಲಿ.

ಪ್ರಶ್ನೆ: ವರದಿಗಾರರನ್ನು ಕಳುಹಿಸುವ ಸಣ್ಣ ಪತ್ರಿಕೆಯ ಹೊಣೆ ಏನು?
– ಸಂಪಾದಕರು, ಶಿವಮೊಗ್ಗ

ಉತ್ತರ: ಸಾಮಾನ್ಯ ಪ್ರವಾಸ ವಿಮೆಯಲ್ಲಿ ಯುದ್ಧದ ಹಾನಿಯನ್ನು ಹೊರಗಿಟ್ಟಿರುತ್ತಾರೆ. ಯುದ್ಧವಲಯಕ್ಕೂ ಗಾಯಾಳುವನ್ನು ಹೊರತರುವ ವೆಚ್ಚಕ್ಕೂ ಅನ್ವಯಿಸುವ ವಿಮೆ ಮಾಡಿಸಿ. ಸ್ಥಳೀಯ ಸಹಾಯಕ, ಚಾಲಕ ಇಬ್ಬರನ್ನೂ ಅದರಲ್ಲಿ ಸೇರಿಸಿ. ಅಪಾಯ ಅವರಿಗೂ ಅಷ್ಟೇ, ವರದಿಗಾರ ಮರಳಿದ ಮೇಲೂ ಅವರು ಅಲ್ಲೇ ಬದುಕಬೇಕು. ಇದಕ್ಕೆ ಹಣವಿಲ್ಲದ ಪತ್ರಿಕೆ ಕಳುಹಿಸಬಾರದು, ಹೋದವರ ಚಿತ್ರಗಳನ್ನು ಅಗ್ಗಕ್ಕೆ ಕೊಳ್ಳಲೂ ಬಾರದು.

ಫೋನ್ ಮಾಡಬೇಕಾದ ಹೊತ್ತು, ಅದು ತಪ್ಪಿದರೆ ಯಾರು ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದಿಡಿ. ಅಪಹರಣವಾದರೆ ಬದುಕಿದ್ದಾರೆಂದು ಖಾತ್ರಿಪಡಿಸಿಕೊಳ್ಳಲು ಅವರಿಗೆ ಮಾತ್ರ ಉತ್ತರ ಗೊತ್ತಿರುವ ಎರಡು ಪ್ರಶ್ನೆಗಳನ್ನು ಮುಚ್ಚಿದ ಲಕೋಟೆಯಲ್ಲಿಡಿ. ವರದಿಗಾರರು ಕಾಣೆಯಾದರೆ ಅಥವಾ ಬಂಧನಕ್ಕೊಳಗಾದರೆ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ 1985ರಿಂದ ಪತ್ರಕರ್ತರಿಗಾಗಿ ನಡೆಸುತ್ತಿರುವ ಸಹಾಯವಾಣಿಗೆ ಕುಟುಂಬದವರೂ ಕಚೇರಿಯವರೂ ಕರೆ ಮಾಡಬಹುದು. ಪೂರ್ತಿ ಹೆಸರು, ಜನ್ಮದಿನಾಂಕ, ರಾಷ್ಟ್ರೀಯತೆ, ಕೊನೆಯ ಬಾರಿ ಕಂಡ ಜಾಗ ಕೈಯಲ್ಲಿರಲಿ.