ಹಾವಿಗೆ ಕಾಲು ಬರೆಯುವುದೆಂದರೆ

‘ಹ್ವಾ ಷ ಥ್ಯೆನ್ ತ್ಸು’ ಎಂಬ ಚೀನೀ ನುಡಿಗಟ್ಟಿಗೆ ‘ಅಸಾಧ್ಯವಾದುದಕ್ಕೆ ಕೈಹಾಕುವುದು’ ಎಂಬ ಅರ್ಥವಿದೆಯೇ ಎಂದು ತಾವು ಕೇಳಿದ್ದೀರಿ, ಇಲ್ಲ. ಪದಶಃ ಅರ್ಥ ‘ಹಾವು ಬರೆದು ಕಾಲು ಸೇರಿಸು’ ಎಂದಷ್ಟೇ. ಇದರ ಹಿಂದಿನ ಕಥೆ ಹೀಗಿದೆ: ಪ್ರಾಚೀನ ಚೀನಾದ ಚು ರಾಜ್ಯದಲ್ಲಿ ಒಬ್ಬನಿಗೆ ಮಾತ್ರ ಸಾಲುವಷ್ಟು ಮದ್ಯವಿದ್ದಾಗ, ನೆಲದ ಮೇಲೆ ಮೊದಲು ಹಾವು ಬರೆದವನಿಗೆ ಅದು ಸಲ್ಲಲೆಂದು ಕೆಲವರು ಪಂದ್ಯ ಕಟ್ಟಿದರು. ಎಲ್ಲರಿಗಿಂತ ಮುಂಚೆ ಮುಗಿಸಿದವನು ಎಡಗೈಯಲ್ಲಿ ಪಾತ್ರೆ ಹಿಡಿದು ಬಲಗೈಯಿಂದ ಕಾಲುಗಳನ್ನು ಬರೆಯುತ್ತಿರುವಾಗ, ಅಷ್ಟರಲ್ಲಿ ತನ್ನ ಹಾವನ್ನು ಮುಗಿಸಿದ ಇನ್ನೊಬ್ಬನು ‘ಹಾವಿಗೆಲ್ಲಿಯ ಕಾಲು?’ ಎಂದು ಪಾತ್ರೆಯನ್ನು ಕಸಿದು ಕುಡಿದುಬಿಟ್ಟನು. ಆದ್ದರಿಂದ ಲಾಕ್ಷಣಿಕವಾಗಿ ಇದು, ಸರಿಯಾಗಿ ಮುಗಿದ ಕೆಲಸಕ್ಕೆ ಬೇಡದ್ದನ್ನು ಸೇರಿಸಿ ಕೆಡಿಸುವುದನ್ನು ಸೂಚಿಸುತ್ತದೆ. ನಮ್ಮ ‘ಅತಿ ಆಸೆ ಗತಿಗೇಡು’ ಇದಕ್ಕೆ ಸಮನೆಂದು ನನಗನ್ನಿಸುವುದಿಲ್ಲ, ಏಕೆಂದರೆ ಅವನನ್ನು ಕೆಡಿಸಿದ್ದು ಆಸೆಯಲ್ಲ, ಕೈಚಳಕದ ಜಂಬ.